ಬಾಲಕರ ಬಂಧನಗೃಹವೂ ಅದರ ವೆಚ್ಚವೂ

ಜಿಲ್ಲೆಯ ಆಯವ್ಯಯದ ಕಾಗದಗಳು ಹೊರಬಿದ್ದಾಗ ರಸ್ತೆ, ಕೆರೆ, ಶಾಲೆ, ದವಾಖಾನೆಗಳ ಬಾಬುಗಳನ್ನು ನಮ್ಮ ನಾಗರಿಕರು ಕಣ್ಣಿಟ್ಟು ಓದುವರು. ತಮ್ಮ ಊರಿಗೆ ಬಂದುದೆಷ್ಟು, ನೆರೆಯ ಊರಿಗೆ ಹೋದುದೆಷ್ಟು ಎಂದು ಲೆಕ್ಕಹಾಕಿ ವಾದಿಸುವರು. ಇದು ಯೋಗ್ಯವೇ ಸರಿ. ಆದರೆ ತಪ್ಪು ಮಾಡಿದ, ಇಲ್ಲವೆ ತಪ್ಪು ಮಾಡಿದನೆಂಬ ಸಂಶಯಕ್ಕೆ ಸಿಕ್ಕಿದ ಬಾಲಕನನ್ನು ಇರಿಸತಕ್ಕ ಮನೆಯ ಬಾಬು ಬಂದೊಡನೆ ಪುಟವನ್ನು ಮಗುಚಿಹಾಕುವದೇ ನಮ್ಮ ವಾಡಿಕೆಯಾಗಿದೆ. ಅದು ಪೋಲೀಸರ ಮಾತು, ಕೋರ್ಟಿನ ಮಾತು, ನಮ್ಮ ಮನೆಯ ಮಕ್ಕಳ ಮಾತಲ್ಲವೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆಯು ತಪ್ಪೆಂದೂ, ಈ ಬಾಬಿನಲ್ಲಿ ಹಣವನ್ನು ಹೇಗೆ ತೊಡಗಿಸುವೆವೆಂಬದರ ಮೇಲೆ ಸಾವಿರಾರು ಬಾಲಕರ ಬಾಳು ನಿಂತಿದೆಯೆಂದೂ ನಾವು ಇಂದು ವಾಚಕರ ಮುಂದೆ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಮಕ್ಕಳನ್ನು ದೊಡ್ಡವರ ಸೆರೆಮನೆಯಲ್ಲಿ ಕೂಡಹಾಕಬಾರದೆಂಬ ವಿಚಾರ ನಮ್ಮ ದೇಶದಲ್ಲಿ ಹೊಸದಲ್ಲ. 1850ರ ಅಪ್ರೆಂಟಿಸ್ ಕಾಯಿದೆಯು ಅಂಥ ಬಾಲಕರನ್ನು ಕಸಬು ಕಲಿಯಲು ಹಚ್ಚಲಿಕ್ಕೆ ಆಸ್ಪದಮಾಡಿತು. 1897ರ ಕಾಯಿದೆಯು ಸುಧಾರಣಾಶಾಲೆಗಳ ವ್ಯವಸ್ಥೆಯನ್ನು ಗಟ್ಟಿಗೊಳಿಸಿತು. 1919-20ರ ಜೈಲು ಸಮಿತಿಯು ಮಕ್ಕಳಿಗೆ ಬೇರೆ ನ್ಯಾಯಾಲಯ, ಬೇರೆ ಗೃಹಗಳು ಬೇಕೆಂದು ಹೇಳಿದ ಬಳಿಕ ಮದರಾಸಿನಲ್ಲಿ 1920ರಲ್ಲಿಯೂ, ಬಂಗಾಲದಲ್ಲಿ 1922ರಲ್ಲಿಯೂ, ಮುಂಬಯಿಯಲ್ಲಿ 1924ರಲ್ಲಿಯೂ ಮಕ್ಕಳ ಕಾಯಿದೆಗಳಾದವು. ಆ ಕಾಲದಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡಿನ ಬಾಲಕನ ಗತಿಯಾದರೂ ಏನಿತ್ತು? ಧಾರವಾಡದ ಹುಡುಗನಿಗೆ ಮುಂಬಯಿಯ ಕಾಯಿದೆ, ಮಂಗಳೂರಿನ ಹುಡುಗನಿಗೆ ಮದರಾಸಿನ ಕಾಯಿದೆ, ಕಲಬುರ್ಗಿಯವನಿಗೆ ನಿಜಾಮರ ಆಳಿಕೆ, ಮೈಸೂರಿನವನಿಗೆ ಅರಸರ ಆಳಿಕೆ! ಒಂದೇ ನುಡಿಯನ್ನಾಡುವ ಇಬ್ಬರು ಬಾಲಕರು ಒಂದೇ ತಪ್ಪಿಗೆ ಬೇರೆ ಬೇರೆ ಬಾಗಿಲುಗಳನ್ನು ಹೊಗಬೇಕಾಗಿತ್ತು. 1956ರಲ್ಲಿ ನಾಡು ಒಂದಾಯಿತು. 1964ರಲ್ಲಿ ಮಕ್ಕಳ ಕಾಯಿದೆಯೂ ಒಂದಾಯಿತು. ಮುಂದೆ 1986, 2000, 2015ರ ಕೇಂದ್ರ ಕಾಯಿದೆಗಳಿಂದ ಇಡಿಯ ದೇಶಕ್ಕೇ ಒಂದು ಕಟ್ಟಳೆಯುಂಟಾಯಿತು. ಕಾಯಿದೆಯೇನೋ ಏಕೀಕರಣ ಹೊಂದಿದೆ. ಅದನ್ನು ನಡೆಸತಕ್ಕ ಹಣವೂ ಮನಸ್ಸೂ ಜಿಲ್ಲೆ ಜಿಲ್ಲೆಗೆ ಸಮನಾಗಿ ತಲುಪಿವೆಯೇ ಎಂಬದೇ ಈಗಿನ ಪ್ರಶ್ನೆ.

2016ರ ಜನವರಿ 15ರಿಂದ ಜಾರಿಯಲ್ಲಿರುವ ಕಾಯಿದೆಯು ಏನು ಹೇಳುವದೆಂಬದನ್ನು ಮೊದಲು ತಿಳಿಯೋಣ. ಹದಿನೆಂಟು ತುಂಬದ ಯಾವ ಮಗುವನ್ನೂ ಪೋಲೀಸ ಲಾಕಪ್ಪಿನಲ್ಲಾಗಲಿ, ಜೈಲಿನಲ್ಲಾಗಲಿ ಇಡತಕ್ಕದ್ದಲ್ಲ. ಪ್ರಯಾಣದ ವೇಳೆಯನ್ನು ಬಿಟ್ಟು 24 ತಾಸುಗಳೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಿಸತಕ್ಕದ್ದು. ಆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ, ಇಬ್ಬರು ಸಮಾಜಸೇವಕರೂ ಇರತಕ್ಕದ್ದು. ಆ ಇಬ್ಬರಲ್ಲಿ ಒಬ್ಬರಾದರೂ ಸ್ತ್ರೀಯಿರತಕ್ಕದ್ದು. ಜಾಮೀನು ಕೊಡುವದೇ ನಿಯಮ. ಬಿಟ್ಟರೆ ದುಷ್ಟರ ಸಹವಾಸಕ್ಕೆ ಬೀಳುವನೆಂದು, ಅವನಿಗೇ ಅಪಾಯವಾಗುವದೆಂದು, ಅಥವಾ ನ್ಯಾಯಕ್ಕೆ ಭಂಗ ಬರುವದೆಂದು ನಂಬಲು ಕಾರಣವಿದ್ದರೆ ಮಾತ್ರ ಕೊಡದಿರುವದು ಅಪವಾದ. ಹೀಗೆ ಜಾಮೀನು ದೊರೆಯದ ಮಗು ವಿಚಾರಣೆ ಮುಗಿಯುವವರೆಗೆ ಇರತಕ್ಕ ಸ್ಥಳವೇ ವೀಕ್ಷಣಾಲಯ. ತಪ್ಪು ಸಿದ್ಧವಾದ ಬಳಿಕ ಅವಶ್ಯಬಿದ್ದರೆ ಹೆಚ್ಚೆಂದರೆ ಮೂರು ವರ್ಷ ಇಡತಕ್ಕದ್ದು ವಿಶೇಷ ಗೃಹ. ಹದಿನಾರು ದಾಟಿ ಘೋರ ಅಪರಾಧದ ಆಪಾದನೆಗೆ ಒಳಗಾದವರಿಗೆ ಸುರಕ್ಷಿತ ಸ್ಥಳವೆಂಬದು ಬೇರೆ. ವಾಚಕರು ಗಮನಿಸಬೇಕಾದುದೇನೆಂದರೆ, ವೀಕ್ಷಣಾಲಯದಲ್ಲಿರುವ ಹುಡುಗನು ಇನ್ನೂ ಅಪರಾಧಿಯೆಂದು ತೀರ್ಮಾನವಾದವನಲ್ಲ. ಅವನು ಕಾಯುತ್ತಿರುವನು, ಅಷ್ಟೆ.

ಎಷ್ಟು ಕಾಲ ಕಾಯಬೇಕು? ನಾಲ್ಕು ತಿಂಗಳೊಳಗೆ ವಿಚಾರಣೆ ಮುಗಿಯಬೇಕು, ಕಾರಣವಿದ್ದರೆ ಇನ್ನೆರಡು ತಿಂಗಳು ಎಂದು ಕಾಯಿದೆ ಗೊತ್ತುಪಡಿಸಿದೆ. ಸಣ್ಣ ಅಪರಾಧವಾದರೆ ಅಷ್ಟರೊಳಗೆ ಮುಗಿಯದ ವಿಚಾರಣೆಯು ತಾನಾಗಿ ಬಿದ್ದುಹೋಗುವದು. ಆದರೆ ನಡೆಯುತ್ತಿರುವದೇನು? 2023ರಲ್ಲಿ ದೇಶದಾದ್ಯಂತ ಬಾಲಕರ ಮೇಲೆ ಸುಮಾರು 31 ಸಾವಿರ ಪ್ರಕರಣಗಳು ದಾಖಲಾಗಿ, 40 ಸಾವಿರದಷ್ಟು ಮಕ್ಕಳು ಹಿಡಿಯಲ್ಪಟ್ಟರು. ನೂರರಲ್ಲಿ 79 ಮಂದಿ ಹದಿನಾರು ಹದಿನೇಳರ ಪ್ರಾಯದವರು. ಅದೇ ವರ್ಷದ ಅಕ್ಟೋಬರ ಕೊನೆಗೆ 362 ಮಂಡಳಿಗಳ ಮುಂದಿದ್ದ ಪ್ರಕರಣಗಳಲ್ಲಿ ನೂರಕ್ಕೆ 55 ಇತ್ಯರ್ಥವಾಗದೆ ಉಳಿದಿದ್ದವೆಂದೂ, ನಾಲ್ಕರಲ್ಲೊಂದು ಮಂಡಳಿಗೆ ಪೂರ್ಣ ಸದಸ್ಯರೇ ಇರಲಿಲ್ಲವೆಂದೂ ಇಂಡಿಯಾ ಜಸ್ಟಿಸ್ ರಿಪೋರ್ಟಿನವರು 2025ರಲ್ಲಿ ಪ್ರಕಟಿಸಿದ ಪರಿಶೀಲನೆಯಿಂದ ತಿಳಿದುಬಂತು. ಒಡಿಸಾದಲ್ಲಿ ನೂರಕ್ಕೆ 83 ಉಳಿದಿದ್ದರೆ ಕರ್ನಾಟಕದಲ್ಲಿ 35 ಉಳಿದಿದ್ದವು. ಇದು ನಮಗೆ ಸಮಾಧಾನದ ಸಂಗತಿಯಾದರೂ ಹೆಮ್ಮೆಯ ಸಂಗತಿಯಲ್ಲ. ಮೂರರಲ್ಲೊಂದು ಮಗು ನಮ್ಮಲ್ಲಿಯೂ ಬಾಗಿಲಲ್ಲೇ ನಿಂತಿದೆಯೆಂದು ಇದರ ಅರ್ಥ.

ಈಗ ವೆಚ್ಚದ ಮಾತಿಗೆ ಬರೋಣ. ಗೃಹದಲ್ಲಿ ಇಕ್ಕಟ್ಟಾಯಿತೆಂಬ ದೂರು ಬಂದಾಗ ಅಧಿಕಾರಿಗಳಿಗೆ ಮೊದಲು ಹೊಳೆಯುವ ಉಪಾಯವೆಂದರೆ ಹೊಸ ಕಟ್ಟಡ. ಕಟ್ಟಡವು ಕಣ್ಣಿಗೆ ಕಾಣುವದು. ಅದಕ್ಕೆ ಅಡಿಗಲ್ಲಿರುವದು, ಉದ್ಘಾಟನೆಯಿರುವದು. ಆದರೆ ಎಷ್ಟು ಹಾಸಿಗೆ ಬೇಕೆಂಬದನ್ನು ನಿರ್ಣಯಿಸುವವು ಎರಡು ಅಂಕೆಗಳು: ಎಷ್ಟು ಮಕ್ಕಳು ಒಳಗೆ ಬರುವರು, ಒಬ್ಬೊಬ್ಬನು ಎಷ್ಟು ದಿನ ನಿಲ್ಲುವನು. ಉಪಾಧ್ಯಾಯ ಮಹಾಶಯರು ತಮ್ಮ ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಿ ನೋಡಲಿ. ಒಂದು ಗೃಹಕ್ಕೆ ವರ್ಷಕ್ಕೆ 300 ಮಕ್ಕಳು ಬರುವರೆಂದೂ, ಒಬ್ಬೊಬ್ಬನು 60 ದಿನ ನಿಲ್ಲುವನೆಂದೂ ಇಟ್ಟುಕೊಳ್ಳೋಣ. 18,000 ದಿನಗಳಾದವು, 365ರಿಂದ ಭಾಗಿಸಿದರೆ ದಿನವೂ ಸುಮಾರು 50 ಹಾಸಿಗೆ ಬೇಕು. ಮಂಡಳಿಯು ನಿಯಮದಂತೆ ಕೂಡಿ, ವರದಿಗಳು ವೇಳೆಗೆ ಬಂದು, ಆ 60 ದಿನ 30 ಆದರೆ? ಹಾಸಿಗೆ 25 ಸಾಕು. ಒಂದು ಇಟ್ಟಿಗೆಯನ್ನೂ ಇಡದೆ ಅರ್ಧ ಗೃಹವನ್ನು ಕಟ್ಟಿದಂತಾಯಿತು! ತದ್ವಿರುದ್ಧವಾಗಿ, ವಿಳಂಬವನ್ನು ಹಾಗೆಯೇ ಬಿಟ್ಟು ಹಾಸಿಗೆಗಳನ್ನು ಹೆಚ್ಚಿಸಿದರೆ ಅವಸರವೆಲ್ಲಿಯದು? ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆಯು ಇಲ್ಲಿ ಹಾಸಿಗೆಯಿದ್ದಷ್ಟು ಹುಡುಗರನ್ನು ತುಂಬೆಂದು ತಿರುಗುಮುರುಗಾಗುವದು.

ಇದು ಬರಿಯ ತರ್ಕವಲ್ಲವೆಂಬದಕ್ಕೆ ಅಮೇರಿಕೆಯ ಅನುಭವವೇ ಸಾಕ್ಷಿ. ಅಲ್ಲಿ ಇಂಥ ಗೃಹಗಳನ್ನು ಹೆಚ್ಚಾಗಿ ಕೌಂಟಿಗಳೆಂಬ ಸ್ಥಳೀಯ ಆಡಳಿತದವರೇ ತಮ್ಮ ತೆರಿಗೆಯ ಹಣದಿಂದ ನಡೆಸುವರು. ವಾಷಿಂಗ್ಟನ್ ಸಂಸ್ಥಾನದ ಕಿಂಗ್ ಕೌಂಟಿಯ ಮತದಾರರು 2012ರಲ್ಲಿ ಬಾಲಕರ ನ್ಯಾಯಾಲಯ ಮತ್ತು ಬಂಧನಗೃಹಕ್ಕಾಗಿ 21 ಕೋಟಿ ಡಾಲರುಗಳ ತೆರಿಗೆಗೆ ಒಪ್ಪಿಗೆಯಿತ್ತರು. 2020ರಲ್ಲಿ ಮನೆ ತೆರೆಯಿತು. ಅಷ್ಟರಲ್ಲಿ ಬಂಧನಕ್ಕೆ ಬರುವ ಮಕ್ಕಳ ಸಂಖ್ಯೆಯೇ ಇಳಿದಿತ್ತು, ಅದೇ ವರ್ಷ ಕೌಂಟಿಯ ಮುಖ್ಯಾಧಿಕಾರಿಯು 2025ರೊಳಗೆ ಅಲ್ಲಿಯ ಬಂಧನವನ್ನು ನಿಲ್ಲಿಸುವೆವೆಂದು ಸಾರಿದನು, ಅದೂ ಕೈಗೂಡಲಿಲ್ಲ. ಕಟ್ಟಿದ ಮನೆಯನ್ನು ತುಂಬುವಂತಿಲ್ಲ, ಮುಚ್ಚುವಂತೆಯೂ ಇಲ್ಲ! ಲಾಸ್ ಏಂಜಲಿಸಿನ ಕಥೆ ಇನ್ನೊಂದು ತೆರ. ಅಲ್ಲಿಯ ಎರಡು ಬಾಲಕಗೃಹಗಳು ವಾಸಕ್ಕೆ ಅಯೋಗ್ಯವೆಂದು ಕ್ಯಾಲಿಫೋರ್ನಿಯದ ತಪಾಸಣಾ ಮಂಡಲಿಯು 2023ರ ಮೇ ತಿಂಗಳಲ್ಲಿ ನಿರ್ಣಯಿಸಿತು. ಮುಚ್ಚಿದ್ದ ಬೇರೊಂದು ಗೃಹವನ್ನು ತೆರೆದು ಮಕ್ಕಳನ್ನು ಅಲ್ಲಿಗೆ ಸಾಗಿಸಿದರು. 2024ರ ಅಕ್ಟೋಬರದಲ್ಲಿ ಅದೂ ಅಯೋಗ್ಯವೆನ್ನಿಸಿಕೊಂಡಿತು. ಗೋಡೆಗಳಿಗೆ ಕೊರತೆಯಿರಲಿಲ್ಲ, ಕೆಲಸಕ್ಕೆ ಬರತಕ್ಕ ಸಿಬ್ಬಂದಿಗೆ ಕೊರತೆಯಿತ್ತು. ಇದಕ್ಕೆ ಪ್ರತಿಯಾಗಿ ಮಿಸೂರಿ ಸಂಸ್ಥಾನದವರು 1983ರಲ್ಲಿ ಬೂನ್‌ವಿಲ್ಲದ ತಮ್ಮ ದೊಡ್ಡ ಸುಧಾರಣಾಶಾಲೆಯನ್ನು ಮುಚ್ಚಿ, ಊರೂರಿಗೆ ಹತ್ತಿರವಾಗಿ ಸಣ್ಣ ಸಣ್ಣ ಮನೆಗಳನ್ನು ಮಾಡಿ, ಹತ್ತು ಹನ್ನೆರಡು ಮಂದಿಯ ಗುಂಪುಗಳಲ್ಲಿ ಹುಡುಗರನ್ನು ಇಟ್ಟರು. ಅವರ ಪದ್ಧತಿಯನ್ನು ನೋಡಿ ಕಲಿಯಲು ಇತರ ಸಂಸ್ಥಾನದವರು ಬಂದರು.

ನಮ್ಮ ನಾಡಿನಲ್ಲಿ ಖರ್ಚಿನ ಹಂಚಿಕೆ ಬೇರೆ ತೆರನಾಗಿದೆ. ಗೃಹಗಳನ್ನು ಸ್ಥಾಪಿಸುವ ಹೊಣೆ ರಾಜ್ಯ ಸರಕಾರದ್ದು; ಮಿಶನ್ ವಾತ್ಸಲ್ಯವೆಂಬ ಯೋಜನೆಯ ಮೂಲಕ ಖರ್ಚಿನಲ್ಲಿ ಕೇಂದ್ರವು ನೂರಕ್ಕೆ 60, ನಮ್ಮಂಥ ರಾಜ್ಯಗಳು 40ರಂತೆ ಹೊರತಕ್ಕದ್ದು. 2022ರ ಮಾರ್ಗದರ್ಶಿಯಂತೆ ಗೃಹದಲ್ಲಿರುವ ಒಂದು ಮಗುವಿನ ಪಾಲನೆಗೆ ತಿಂಗಳಿಗೆ 3,000 ರೂಪಾಯಿ, ಅಂದರೆ ದಿನಕ್ಕೆ ನೂರು ರೂಪಾಯಿ. ಸಂಕಷ್ಟದಲ್ಲಿರುವ ಮಗುವನ್ನು ಅದರ ಕುಟುಂಬದಲ್ಲಿಯೇ ಉಳಿಸಿಕೊಳ್ಳಲು ಕೊಡುವ ಪ್ರಾಯೋಜಕತ್ವದ ನೆರವು ತಿಂಗಳಿಗೆ 4,000 ರೂಪಾಯಿ. ಮಗುವಿಗೆ ಮನೆಯೇ ಮೇಲೆಂದು ಸರಕಾರವು ತನ್ನ ಅಂಕೆಗಳಿಂದಲೇ ಒಪ್ಪಿಕೊಂಡಂತಾಯಿತು. ಗೃಹದ ನಿಜವಾದ ಖರ್ಚಾದರೋ ಆ ನೂರು ರೂಪಾಯಿಯಲ್ಲಿ ಮುಗಿಯುವದಿಲ್ಲ. 2016ರ ಮಾದರಿ ನಿಯಮಗಳು ಇಪ್ಪತ್ತೈದು ಮಕ್ಕಳ ಒಂದು ಮಲಗುವ ಕೋಣೆಗೆ ಸಾವಿರ ಚದರಡಿಯನ್ನು ಗೊತ್ತುಮಾಡಿ, ಪಾಠದ ಕೋಣೆ, ಕಾರ್ಯಾಗಾರ, ಪುಸ್ತಕಾಲಯ, ರೋಗಿಗಳ ಕೋಣೆ, ಆಟದ ಬಯಲು ಇವೆಲ್ಲವನ್ನೂ ಬೇಡುವವು. ಅದು ಶಾಲೆಯ ನಕ್ಷೆ, ಸೆರೆಮನೆಯ ನಕ್ಷೆಯಲ್ಲ. ಪಾಠದ ಕೋಣೆಗೆ ಉಪಾಧ್ಯಾಯನನ್ನೂ, ಕಾರ್ಯಾಗಾರಕ್ಕೆ ಕಸಬುಗಾರನನ್ನೂ ವರ್ಷ ವರ್ಷವೂ ಸಾಕಬೇಕು. ಕಟ್ಟುವ ಖರ್ಚು ಒಂದು ಸಲದ್ದು, ನಡೆಸುವ ಖರ್ಚು ಎಂದೆಂದಿನದು. ನಡೆಸುವ ಖರ್ಚನ್ನು ಬರೆಯದೆ ಕಟ್ಟುವ ಖರ್ಚಿಗೆ ಮಂಜೂರಿ ಬೇಡುವ ಯೋಜನೆಯು ಅರ್ಧ ಸತ್ಯವನ್ನು ಹೇಳುವ ಯೋಜನೆ.

ಹಾಗಾದರೆ ಗೃಹಗಳೇ ಬೇಡವೆಂದು ನಮ್ಮ ಅಭಿಪ್ರಾಯವೇ? ಅಲ್ಲ. ಹಾನಿಗೊಳಗಾದವರ ಕಣ್ಣೀರನ್ನು ನಾವು ಮರೆತಿಲ್ಲ. ಹದಿನೇಳರ ಹುಡುಗರ ಕೈಯಿಂದಲೂ ಘೋರ ಕೃತ್ಯಗಳು ಆಗಿವೆ; ಅಂಥವರನ್ನು ಬೇರೆಯಾಗಿ, ಭದ್ರವಾಗಿ ಇರಿಸಲೇಬೇಕು. ಅವರನ್ನು ಹಣ್ಣು ಕದ್ದ ಹನ್ನೆರಡರ ಹುಡುಗನ ಪಕ್ಕದಲ್ಲಿ ಮಲಗಿಸುವದು ಇಬ್ಬರಿಗೂ ದ್ರೋಹ. ಮನೆಯೇ ಇಲ್ಲದ, ಅಥವಾ ಮನೆಯೇ ಮೃತ್ಯುವಾಗಿರುವ ಮಕ್ಕಳೂ ಇರುವರು. ಇಂಥವರಿಗೆ ಒಳ್ಳೆಯ ಗೃಹ ಬೇಕು, ಸಣ್ಣದಿರಲಿ, ಒಳ್ಳೆಯದಿರಲಿ. ನಾವು ಬೇಡವೆನ್ನುವದು ಮಂಡಳಿಯ ಕುರ್ಚಿ ಬರಿದಾಗಿದೆಯೆಂಬ ಕಾರಣಕ್ಕಾಗಿ, ಜಾಮೀನು ನಿಲ್ಲಲು ತಂದೆಗೆ ಶಕ್ತಿಯಿಲ್ಲವೆಂಬ ಕಾರಣಕ್ಕಾಗಿ ತುಂಬುವ ಗೃಹವನ್ನು. ಜಾಮೀನಿನ ಷರತ್ತನ್ನು ಏಳು ದಿನಗಳಲ್ಲಿ ಪೂರೈಸಲಾರದ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತನ್ನು ಸಡಿಲಿಸಬಹುದೆಂದು ಕಾಯಿದೆಯಲ್ಲಿಯೇ ಇದೆ. 1986ರಷ್ಟು ಹಿಂದೆಯೇ ಶೀಲಾ ಬಾರ್ಸೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಗೃಹಗಳಲ್ಲಿ ಸ್ಥಳವಿಲ್ಲದಿದ್ದರೆ ಮಕ್ಕಳನ್ನು ಜೈಲಿಗೆ ತಳ್ಳದೆ ಜಾಮೀನಿನ ಮೇಲೆ ಬಿಡಬೇಕೆಂದು ಆಜ್ಞಾಪಿಸಿತ್ತು.

ಇನ್ನೊಂದು ಸಂಗತಿ ದೂರದ್ದು. ಪ್ರತಿ ಜಿಲ್ಲೆಗೆ ಅಥವಾ ಜಿಲ್ಲೆಗಳ ಗುಂಪಿಗೆ ಒಂದು ವೀಕ್ಷಣಾಲಯವಿರಲೆಂದು ಕಾಯಿದೆ ಹೇಳುವದು. ಈ ‘ಗುಂಪು’ ಎಂಬ ಮಾತಿನ ಭಾರವನ್ನು ಹೊರುವವಳು ತಾಯಿ. ನೆರೆಯ ಜಿಲ್ಲೆಯ ಪಟ್ಟಣದಲ್ಲಿರುವ ಮಗನನ್ನು ನೋಡಲು ಅವಳು ಒಂದು ದಿನದ ಕೂಲಿಯನ್ನು ಬಿಡಬೇಕು, ಬಸ್ಸು ಹಿಡಿಯಬೇಕು, ರಾತ್ರಿಯಾದರೆ ಎಲ್ಲಿಯೋ ತಂಗಬೇಕು. ತಾಯಿ ಬಾರದ ಮಗುವಿನ ಜಾಮೀನು ತಡವಾಗುವದು. ಭಾಷೆಯದೂ ಹಾಗೆಯೇ. ವಿಚಾರಣೆಯ ಭಾಷೆ ತಿಳಿಯದ ಮಗುವಿಗೆ ದುಭಾಷಿಯನ್ನು ಕೊಡಬೇಕೆಂದು ಕಾಯಿದೆ ಇದೆ. ಸೊಲ್ಲಾಪುರ, ಕಾಸರಗೋಡುಗಳ ಕನ್ನಡದ ಹುಡುಗನಿಗೆ ಈ ಹಕ್ಕು ದೊರೆಯಬೇಕೆಂದು ಕೇಳುವ ನಾವು, ಬೆಂಗಳೂರಿಗೆ ದುಡಿಯಲು ಬಂದ ಪರಭಾಷೆಯ ಹುಡುಗನಿಗೂ ಅದನ್ನು ಅಷ್ಟೇ ಕಳಕಳಿಯಿಂದ ಕೇಳಬೇಕು. ಸ್ವಭಾಷೆಯ ಅಭಿಮಾನಕ್ಕೆ ಶೋಭೆ ಬರುವದು ಅದರಿಂದಲೇ.

ಆದಕಾರಣ ಜಿಲ್ಲಾಧಿಕಾರಿಗಳಿಗೂ, ಶಾಸಕರಿಗೂ, ನಗರಸಭೆಯ ಸದಸ್ಯರಿಗೂ ನಮ್ಮ ಸೂಚನೆಯಿದು. ಬಾಲಕಗೃಹದ ಯಾವ ಯೋಜನೆಯೇ ಮುಂದೆ ಬರಲಿ, ನಕ್ಷೆಗಿಂತ ಮೊದಲು ಗಣತಿಯನ್ನು ಕೇಳಿರಿ. ಕಳೆದ ವರ್ಷ ಎಷ್ಟು ಮಕ್ಕಳು ಒಳಗೆ ಬಂದರು, ಎಷ್ಟು ದಿನ ನಿಂತರು, ಜಾಮೀನು ಸಿಕ್ಕಿಯೂ ಹೊರಬರಲಾರದವರೆಷ್ಟು, ಮಂಡಳಿಯು ಎಷ್ಟು ದಿನ ಕೂಡಿತು, ಖಾಲಿ ಹುದ್ದೆಗಳೆಷ್ಟು, ಇವನ್ನು ಮಕ್ಕಳ ಹೆಸರು ಹೊರಗೆಡಹದೆ ವರ್ಷಕ್ಕೊಮ್ಮೆ ಪ್ರಕಟಿಸಿರಿ. ಮೊದಲ ಹಣವನ್ನು ಮಂಡಳಿಯ ಸದಸ್ಯರಿಗೂ ಪ್ರೊಬೇಶನ್ ಅಧಿಕಾರಿಗಳಿಗೂ ಕೊಡಿರಿ. ಹುಡುಗನ ಮನೆ, ಶಾಲೆ, ಸಹವಾಸಗಳನ್ನು ವಿಚಾರಿಸಿ ವರದಿಯನ್ನು ಬರೆಯುವವನು ಆ ಅಧಿಕಾರಿ. ಅವನ ವರದಿ ಬಾರದೆ ಮಂಡಳಿಯ ಕೈ ಕಟ್ಟಿದಂತೆ. ಆ ಬಳಿಕವೂ ಹಾಸಿಗೆ ಸಾಲದಿದ್ದರೆ ಕಟ್ಟಿರಿ. ಆಗ ನಾವೇ ಮುಂದೆ ನಿಂತು ಹಣ ಮಂಜೂರಾಗಲೆನ್ನುವೆವು.

ಕೊನೆಯದಾಗಿ ಉಪಾಧ್ಯಾಯ ವರ್ಗಕ್ಕೆ ಒಂದು ಮಾತು. ಹಿಡಿಯಲ್ಪಟ್ಟ ಹುಡುಗನು ನಿನ್ನೆಯೋ ಮೊನ್ನೆಯೋ ನಿಮ್ಮ ಹಾಜರಿ ಪುಸ್ತಕದಲ್ಲಿದ್ದವನು. ಅವನು ಮೊದಲು ತಪ್ಪಿಸಿಕೊಂಡದ್ದು ಪೋಲೀಸರಿಂದಲ್ಲ, ನಿಮ್ಮ ತರಗತಿಯಿಂದ. ಹೆಸರು ಹೊಡೆದುಹಾಕುವ ಮುನ್ನ ಅವನ ಮನೆಯ ಬಾಗಿಲನ್ನು ಒಮ್ಮೆ ತಟ್ಟಿರಿ. ವರದಿಗಾಗಿ ಅಧಿಕಾರಿ ಬಂದರೆ ನಿಮಗೆ ತಿಳಿದ ಒಳ್ಳೆಯದನ್ನೂ ಹೇಳಿರಿ. ಅವನು ಹಿಂದಿರುಗಿ ಬಂದರೆ ಹಿಂದಿನದನ್ನು ಕೆದಕದೆ ಬೆಂಚಿನಲ್ಲಿ ಜಾಗ ಕೊಡಿರಿ. ತೀರಿದ ತಪ್ಪು ಅವನ ಮುಂದಿನ ಬಾಳಿಗೆ ಕಳಂಕವಾಗತಕ್ಕದ್ದಲ್ಲವೆಂದು ಕಾಯಿದೆಯೇ ಹೇಳಿದೆ. ಪತ್ರಿಕೆಯವರಾದ ನಾವೂ ಅವನ ಹೆಸರನ್ನೂ ಚಿತ್ರವನ್ನೂ ಅಚ್ಚುಹಾಕದೆ ನಮ್ಮ ಪಾಲಿನ ಕರ್ತವ್ಯವನ್ನು ನಡೆಯಿಸಬೇಕು. ಗೃಹದ ಒಂದು ಹಾಸಿಗೆಗೆ ಎಷ್ಟು ಖರ್ಚೆಂದು ಸರಕಾರವು ಬರೆದಿಡುವದು. ಶಾಲೆಯ ಬೆಂಚಿನಲ್ಲಿ ಉಳಿದ ಹುಡುಗನಿಂದಾದ ಉಳಿತಾಯವನ್ನು ಯಾವ ಆಯವ್ಯಯದಲ್ಲಿಯೂ ಬರೆಯುವದಿಲ್ಲ. ಅದನ್ನು ಬರೆದಿಡುವವರು ಮುಂದಿನ ತಲೆಯವರು.