ಲಸಿಕೆ ಔದಾರ್ಯವಲ್ಲ, ಮಗುವಿನ ಹಕ್ಕು

ಸರಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಲಸಿಕೆಗೆ ಬಿಡಿಗಾಸನ್ನೂ ಕೊಡಬೇಕಾಗಿಲ್ಲ. 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಪೋಲಿಯೊ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರಗಳಿಂದ ಕೋಟ್ಯಂತರ ಮಕ್ಕಳನ್ನು ಕಾಪಾಡಿದೆ. ಹೀಗಿರುವಾಗ ಇದಕ್ಕೊಂದು ಕಾನೂನಿನ ಅಗತ್ಯವೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರವನ್ನು ವಿಧಾನಸೌಧದಲ್ಲಲ್ಲ, ಮುದಗಲ್ಲಿನಂತಹ ಊರುಗಳಲ್ಲಿ ಹುಡುಕಬೇಕು.

ಲಿಂಗಸುಗೂರು ತಾಲೂಕಿನ ಈ ಸೀಮೆಯಿಂದ ಬಡ ಕುಟುಂಬಗಳು ಬೆಂಗಳೂರು, ಪುಣೆ, ಗೋವಾಗಳಿಗೆ ಗುಳೆ ಹೋಗುತ್ತವೆ. ಲಸಿಕೆಯಾದರೋ ಹುಟ್ಟಿದಾಗ, ಆರು, ಹತ್ತು ಮತ್ತು ಹದಿನಾಲ್ಕನೇ ವಾರಗಳಲ್ಲಿ, ಒಂಬತ್ತನೇ ತಿಂಗಳಲ್ಲಿ, ಮತ್ತೆ ಒಂದೂವರೆ ವರ್ಷದ ಸುಮಾರಿಗೆ ಬೀಳಬೇಕು. ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರಿದೆ, ಮಗುವಿಲ್ಲ. ನಗರದ ಕಟ್ಟಡ ಕಾರ್ಮಿಕರ ಶೆಡ್ಡಿನಲ್ಲಿ ಮಗುವಿದೆ, ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಊರಲ್ಲೇ ಉಳಿದ ತಾಯಿಯೂ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಬರಬೇಕು. ಉಚಿತವಾಗಿರುವುದು ಔಷಧ ಮಾತ್ರ. ಅದನ್ನು ತಲುಪುವ ದಾರಿಗೆ ಬಡವನು ಬೆಲೆ ತೆರುತ್ತಲೇ ಇದ್ದಾನೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ರಾಜ್ಯದ ಶೇ. 62.6 ಮಕ್ಕಳು ಪೂರ್ಣ ಲಸಿಕೆ ಪಡೆದಿದ್ದರೆ, 2019-21ರಲ್ಲಿ ಅದು ಶೇ. 84.1ಕ್ಕೇರಿತು. ಇದು ಅಭಿನಂದನೀಯ. ಆದರೆ ಹೊರಗುಳಿದ ಮಕ್ಕಳ ಹೊಣೆ ಯಾರದು? ಯೋಜನೆಗೆ ಅನುದಾನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಕ್ಕಾದರೆ ಮಾತ್ರ ಪ್ರಶ್ನಿಸಬಹುದು.

ಲಸಿಕೆಯ ಬಗ್ಗೆ ಕಾನೂನು ಈ ದೇಶಕ್ಕೆ ಹೊಸತಲ್ಲ. ಬ್ರಿಟಿಷರು 1880ರಲ್ಲೇ ಸಿಡುಬಿನ ಲಸಿಕೆಗಾಗಿ ಶಾಸನ ರಚಿಸಿದ್ದರು. ಅದು ಪಾಲಕರಿಗೆ ದಂಡದ ಭಯ ಹುಟ್ಟಿಸುವ ಕಾನೂನಾಗಿತ್ತು. ನಮಗೆ ಬೇಕಾಗಿರುವುದು ಅದಕ್ಕೆ ತದ್ವಿರುದ್ಧವಾದದ್ದು. ಪಾಲಕರ ಕೈ ಕಟ್ಟುವ ಬದಲು ಸರಕಾರದ ಕೈ ಕಟ್ಟುವ ಕಾನೂನು ಬೇಕು. ಆರೋಗ್ಯ ಸಹಾಯಕಿಯರ ಹುದ್ದೆ ಖಾಲಿ ಬಿಡದಿರುವುದು, ಲಸಿಕೆ ಕೆಡದಂತಿಡುವ ಶೀತಲ ವ್ಯವಸ್ಥೆಗೆ ನಿಶ್ಚಿತ ಅನುದಾನ, ಗುಳೆ ಹೋದ ಮಗುವಿಗೆ ಯಾವ ಊರಿನಲ್ಲಾದರೂ ಲಸಿಕೆ, ಲಸಿಕೆಯಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ, ಇವು ಅದರಲ್ಲಿರಬೇಕು. ಚೀಟಿ ಇಲ್ಲವೆಂದು ಮಗುವನ್ನು ಶಾಲೆಯಿಂದಾಗಲಿ ಪಡಿತರದಿಂದಾಗಲಿ ದೂರವಿಡುವ ಕಲಮು ಮಾತ್ರ ಅದರಲ್ಲಿ ಇರಕೂಡದು. ತಪ್ಪು ಮಾಡದ ಮಗುವಿಗೆ ಶಿಕ್ಷೆ ಕೊಡುವುದು ನ್ಯಾಯವಲ್ಲ.

ಇದು ಅಸಾಧ್ಯವಲ್ಲ. ಸಾರ್ವಜನಿಕ ಆರೋಗ್ಯವು ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ. ರಾಜಸ್ಥಾನವು 2023ರಲ್ಲಿ ಆರೋಗ್ಯ ಹಕ್ಕಿನ ಕಾನೂನು ತಂದಿದೆ. ಶಾಲಾ ಬಿಸಿಯೂಟವು 2001ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಮಕ್ಕಳ ಹಕ್ಕಾಯಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹವಾಗಿ ಮೊದಲು ಆರಂಭವಾದದ್ದು ರಾಯಚೂರು ಸೇರಿದಂತೆ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. 2013-14ರಲ್ಲಿ ಆಹಾರ ಭದ್ರತಾ ಕಾಯ್ದೆ ಅದಕ್ಕೆ ಶಾಸನದ ಬಲ ನೀಡಿತು. ಹಣವಿಲ್ಲವೆಂಬ ನೆಪವೂ ಸಲ್ಲದು. 371ಜೆ ವಿಧಿಯ ಬೆಂಬಲವಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಆಯವ್ಯಯದಲ್ಲಿ ಘೋಷಿಸಿದ ಮೊತ್ತ 5000 ಕೋಟಿ ರೂಪಾಯಿ. ರಸ್ತೆ, ಭವನಗಳಿಗೆ ಸಿಗುವ ಆದ್ಯತೆ ಮಗುವಿನ ತೋಳಿಗೆ ಬೀಳುವ ಚುಚ್ಚುಮದ್ದಿಗೇಕಿಲ್ಲ?

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ ಮೊಬೈಲುಗಳಲ್ಲಿ ವದಂತಿಗಳು ಹರಿದಾಡಿದವು. ವದಂತಿಗೆ ಮದ್ದು ಬೆದರಿಕೆಯಲ್ಲ, ವಿಶ್ವಾಸ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ತವಕ್ಕುಲ್‌ನ ಹೆಸರಿನಲ್ಲಿ ಮಗುವನ್ನು ರೋಗಕ್ಕೆ ಒಡ್ಡುವುದು ಸಲ್ಲದು. ಜುಮಾ ಖುತ್ಬಾದಲ್ಲಿ ಇದು ಚರ್ಚೆಯಾಗಲಿ, ಮಸೀದಿ ಜಮಾಅತ್‌ಗಳು ಮೊಹಲ್ಲಾದ ಶಿಶುಗಳ ಲೆಕ್ಕವಿಡಲಿ. ಮುದಗಲ್ಲಿನ ಮೊಹರಮಿಗೆ ಹೊರಗೆ ದುಡಿಯುವವರೂ ಊರಿಗೆ ಮರಳುತ್ತಾರೆ. ಹಿಂದೂ ಮುಸ್ಲಿಮರೆನ್ನದೆ ಜನ ಕೂಡುವ ಆ ದಿನಗಳಲ್ಲಿ ಆರೋಗ್ಯ ಇಲಾಖೆ ಲಸಿಕಾ ಶಿಬಿರ ಏರ್ಪಡಿಸಲು ಅಡ್ಡಿಯೇನು?

2011ರ ಜನವರಿಯ ಬಳಿಕ ಭಾರತದಲ್ಲಿ ಕಾಡು ಪೋಲಿಯೊ ಪ್ರಕರಣ ವರದಿಯಾಗಿಲ್ಲ. ಹಣ, ಸಿಬ್ಬಂದಿ ಮತ್ತು ಇಚ್ಛಾಶಕ್ತಿ ಮನೆ ಬಾಗಿಲಿಗೆ ಬಂದಾಗ ಏನಾಗಬಲ್ಲದೆಂಬುದಕ್ಕೆ ಅದೇ ಸಾಕ್ಷಿ. ಒಂದು ರೋಗಕ್ಕೆ ತೋರಿದ ಆ ಬದ್ಧತೆಯನ್ನು ಎಲ್ಲ ಲಸಿಕೆಗಳಿಗೂ ಶಾಸನವಾಗಿಸಲು ನಮ್ಮ ಶಾಸಕರು ಸದನದಲ್ಲಿ ಧ್ವನಿಯೆತ್ತಲಿ. ಮತ ಕೇಳಲು ಬರುವಾಗ ನಾವೂ ಅದನ್ನೇ ಕೇಳೋಣ.