ಕುಳಿ ಹೇಳುವ ಸಾಕ್ಷಿ
ದೂರದಿಂದ ಬಂದಿಳಿದ ಭಾರಿ ಯಂತ್ರದ ಬೇರಿಂಗಿನಲ್ಲಿ ಕುಳಿಗಳು ಕಂಡರೆ, ಎತ್ತಿಹಾಕಿದರೆಂಬ ಅಪವಾದ ಮೊದಲು ಕೂಲಿಯವರ ತಲೆಗೇ! ಪರೀಕ್ಷಕನು ಭೂತಗನ್ನಡಿ ಹಿಡಿಯುವವರೆಗಾದರೂ ಕಾಯುವುದು ನ್ಯಾಯ. ಪೆಟ್ಟಿನಿಂದಾದ ಕುಳಿಯ ತಳದಲ್ಲಿ ಕಾರ್ಖಾನೆಯ ಸಾಣೆಗೆರೆಗಳು ಅಳಿಯದೆ ಉಳಿದಿರುತ್ತವೆ. ಗೆರೆಗಳು ಸವೆದು, ಕೆಂಗಂದು ಹುಡಿ ಕೂತಿದ್ದರೆ ತಪ್ಪು ಪ್ರಯಾಣದ್ದು. ಬೇರಿಂಗಿನ ಗುಂಡುಗಳು ಉರುಳದೆ, ನಿಂತಲ್ಲೇ ಅದುರಿ, ನಡುವಣ ಜಿಡ್ಡು ಸರಿದು, ಉಕ್ಕಿಗೆ ಉಕ್ಕು ತೀಡಿರುತ್ತದೆ. 1930ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಿಂದ ರೈಲಿನಲ್ಲಿ ಹೋದ ಹೊಸ ಕಾರುಗಳ ಚಕ್ರದ ಬೇರಿಂಗುಗಳು, ರಸ್ತೆಯನ್ನೇ ಕಾಣದೆ, ಹೀಗೆ ಕೆಟ್ಟಿದ್ದವು. ದೊಡ್ಡ ವಿದ್ಯುತ್ ಮೋಟಾರುಗಳ ತಿರುಗುದಂಡವನ್ನು ಅಲುಗದಂತೆ ಬಿಗಿದು ಸಾಗಿಸುವುದು ಇದಕ್ಕಾಗಿಯೇ. ಆ ಬಿಗಿತವನ್ನು ಬಿಚ್ಚದೆ ಚಾಲನೆ ಕೊಟ್ಟರೆ ಮಾತ್ರ ತಪ್ಪು ರೈಲಿನದೂ ಅಲ್ಲ, ಕೂಲಿಯವರದೂ ಅಲ್ಲ.