ಮೊದಲು ಬ್ರೇಕು, ಆಮೇಲೆ ಗೇರು

ಕಳೆದ ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾನು ಸೈಕಲ್ ಸಮೇತ ಹೋಗಿ ಮೀನಿನ ಹಂಡೆಗೆ ಗುದ್ದಿದೆ. ಲೇಕ್ ಗಾರ್ಡನ್ಸ್‌ನಲ್ಲಿ ನಮ್ಮ ಓಣಿಯ ತುದಿಗೆ ಬೆಳಗಿನ ಹೊತ್ತು ತರಕಾರಿ, ಮೀನು ಮಾರುವವರು ಸಾಲಾಗಿ ಕೂರುತ್ತಾರೆ. ರಾತ್ರಿಯಿಡೀ ಹೊಯ್ದ ಮಳೆ ಆಗಷ್ಟೇ ಬಿಟ್ಟಿತ್ತು. ಹಿಂದೆ ಕ್ಯಾರಿಯರ್ ಮೇಲೆ ಎಂಟು ವರ್ಷದ ಮಗಳು. ಒಬ್ಬ ಹುಡುಗ ಛತ್ರಿ ಮಡಚುತ್ತಾ ಅಡ್ಡ ಬಂದ. ಎರಡೂ ಬ್ರೇಕ್ ಹಿಡಿದೆ. ಹಿಡಿಕೆಗೆ ತಾಗುವ ತನಕ ಒತ್ತಿ ಹಿಡಿದೆ. ಸೈಕಲ್ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ, ಏನೂ ಆಗದವರ ಹಾಗೆ ಮುಂದಕ್ಕೆ ಹೋಯಿತು. ಹುಡುಗನನ್ನು ತಪ್ಪಿಸಲು ಹ್ಯಾಂಡಲ್ ಎಡಕ್ಕೆ ಎಳೆದೆ, ಹಂಡೆ ಉರುಳಿತು, ಜೀವಂತ ಮಾಗುರ್ ಮೀನುಗಳು ರಸ್ತೆ ತುಂಬ ಹರಿದಾಡಿದವು.

ಮೀನಿನಾಕೆ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ಆಕೆ ಕೇಳಿದ್ದು, 'ಮೇಯೆಟಾರ್ ಲಾಗೇನಿ ತೋ?' ಹುಡುಗಿಗೆ ಪೆಟ್ಟಾಗಲಿಲ್ಲ ತಾನೇ, ಅಂತ. ಆಗಿರಲಿಲ್ಲ. ಅವಳು ಗುದ್ದುವ ಮೊದಲೇ ಹಾರಿಬಿಟ್ಟಿದ್ದಳು. ಹುಟ್ಟಿದಾಗಿನಿಂದ ಈರುಳ್ಳಿ ಬಿಟ್ಟರೆ ಇನ್ಯಾವ ಖಾರದ ವಾಸನೆಯನ್ನೂ ಕೈಗೆ ಅಂಟಿಸಿಕೊಳ್ಳದ ನಾನು ಆಕೆಯ ಜೊತೆ ಕೂತು ಮೀನು ಹಿಡಿದು ಹಂಡೆಗೆ ತುಂಬಿದೆ. ಮಗಳು ಮಾತ್ರ ಮನೆಗೆ ನಡೆದುಕೊಂಡೇ ಬಂದಳು. 'ನಾನಿನ್ನು ಹತ್ತಲ್ಲಪ್ಪ' ಎಂದಳು. ಅಷ್ಟೇ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾಚಿಕೆಯ ವಿಷಯ ಏನೆಂದರೆ, ಆ ವಾರವೇ ನಾನು ಸೈಕಲ್ಲಿಗೆ ಏಳು ಗೇರು ಹಾಕಿಸುವ ಲೆಕ್ಕದಲ್ಲಿದ್ದೆ. ಬೇಕಾದ ಸಾಮಾನಿನ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಯೂ ಆಗಿತ್ತು. ಈ ಊರಿನಲ್ಲಿ ಗೇರು ಯಾಕೆ ಸ್ವಾಮಿ? ಕಲ್ಕತ್ತ ಅಂಗೈಯಷ್ಟು ಸಮತಟ್ಟು. ಸೇತುವೆ, ಫ್ಲೈಓವರ್ ಬಿಟ್ಟರೆ ಏರು ಅನ್ನುವುದೇ ಇಲ್ಲ. ಇಲ್ಲಿ ಇರುವುದು ನೀರು. ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ರಸ್ತೆ, ಟಾಲಿಗಂಜ್ ಕಡೆ ಹೋದರೆ ಟ್ರಾಮಿನ ಹಳಿ, ಓಣಿ ಓಣಿಯಲ್ಲೂ ಏಕಾಏಕಿ ಅಡ್ಡ ಬರುವ ರಿಕ್ಷಾ. ಸೈಕಲ್ ಸವಾರರು ಓಣಿ ಹಿಡಿಯಲು ಕಾರಣವೂ ಇದೆ. 2013ರಲ್ಲಿ ಇಲ್ಲಿನ ಪೊಲೀಸರು 174 ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದ್ದರು. ಆಮೇಲೆ ಪಟ್ಟಿ ಕಿರಿದಾಯಿತು, 2020ರ ಲಾಕ್‌ಡೌನ್ ಮುಗಿದಾಗ ಇನ್ನಷ್ಟು ಸಡಿಲಿಸಿದರು. ಆದರೆ ಓಣಿಯ ಅಭ್ಯಾಸ ನಮಗೆ ಹೋಗಿಲ್ಲ. ಓಣಿಯಲ್ಲಿ ಬೇಕಾದ್ದು ಓಡುವುದಲ್ಲ, ನಿಲ್ಲುವುದು.

ಹಾಗಾದರೆ ಯಾಕೆ ನಿಲ್ಲಲಿಲ್ಲ? ಬ್ರೇಕ್ ಶೂ ಹೊಸದು, ವೈರೂ ಬಿಗಿ. ದೋಷ ಇದ್ದದ್ದು ರಿಮ್ಮಿನಲ್ಲಿ. ನನ್ನದು ಸೆಕೆಂಡ್ ಹ್ಯಾಂಡ್ ಕೊಂಡ ಹಳೆಯ ಸೈಕಲ್, ಫಳಫಳ ಹೊಳೆಯುವ ಕ್ರೋಮ್ ಲೇಪದ ಉಕ್ಕಿನ ರಿಮ್ಮು. ಆ ನುಣುಪಿನ ಮೇಲೆ ನೀರು ತೆಳ್ಳಗೆ ಪದರ ಕಟ್ಟಿದರೆ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಚಕ್ರ ನಾಲ್ಕಾರು ಸುತ್ತು ತಿರುಗಿ ನೀರು ಒರೆಸಿಹೋದ ಮೇಲೆ ಬ್ರೇಕ್ ಒಮ್ಮೆಲೇ ಕಚ್ಚುತ್ತದೆ. ಅಷ್ಟರಲ್ಲಿ ಮೀನಿನ ಹಂಡೆ ಬಂದಿರುತ್ತದೆ. ಅಲಾಯ್, ಅಂದರೆ ಅಲ್ಯುಮಿನಿಯಂ ರಿಮ್ಮಿನಲ್ಲಿ ಒದ್ದೆಯಾದಾಗಲೂ ಹಿಡಿತ ಎಷ್ಟೋ ಉಳಿಯುತ್ತದೆ. ನಿಮ್ಮ ಮನೆಯ ಸೈಕಲ್ಲಿನದು ಯಾವುದು ಎಂದು ತಿಳಿಯಬೇಕೇ? ಒಂದು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು. ಗೇರಿನ ಪಟ್ಟಿ ಹಿಡಿದಿದ್ದ ಫ್ರಿಜ್ಜಿನ ಗೊಂಬೆಯನ್ನೇ ನಾನು ತಂದು ಹಿಡಿದೆ. ಟಪ್ ಎಂದು ಅಂಟಿತು. ಪಟ್ಟಿ ಕೆಳಗೆ ಬಿದ್ದದ್ದನ್ನು ಮತ್ತೆ ಅಂಟಿಸಲಿಲ್ಲ.

ಸಾಮಾನಿಗೆ ಬೆಂಟಿಂಕ್ ಸ್ಟ್ರೀಟಿಗೇ ಹೋಗಬೇಕು. ರವೀಂದ್ರ ಸರೋಬರ್‌ನಲ್ಲಿ ಮೆಟ್ರೊ ಹತ್ತಿ ಎಸ್‌ಪ್ಲನೇಡ್‌ನಲ್ಲಿ ಇಳಿದು ನಡೆದರೆ ಸಾಲು ಸಾಲು ಸೈಕಲ್ ಅಂಗಡಿ. ಹೋಗುವ ಮೊದಲು ಅಳತೆ ಬರೆದುಕೊಳ್ಳಿ. '26 ಇಂಚು ಕೊಡಿ' ಎಂದರೆ ಕೆಟ್ಟಿರಿ. 26 × 1⅜ ಅನ್ನುವ ಟೈರೂ 26 × 1.95 ಅನ್ನುವ ಟೈರೂ ಹೆಸರಿಗೆ ಅಣ್ಣತಮ್ಮಂದಿರು, ಒಂದರ ರಿಮ್ಮಿಗೆ ಇನ್ನೊಂದು ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಅಂಕಿ ಅಚ್ಚಾಗಿರುತ್ತದೆ, ಮೊದಲನೆಯದಕ್ಕೆ 37-590, ಎರಡನೆಯದಕ್ಕೆ ಕೊನೆಯಲ್ಲಿ 559. ಆ ಕೊನೆಯ ಮೂರಂಕಿ, ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಅದು ಸುಳ್ಳು ಹೇಳುವುದಿಲ್ಲ. ನಾನು 590 ಎಂದು ಬರೆದುಕೊಂಡು ಬುದ್ಧಿವಂತನಂತೆ ಹೋದೆ, ಮೂರನೆಯ ಅಂಗಡಿಯಲ್ಲಿ ರಿಮ್ಮು ಸಿಕ್ಕಿತು, ಮಾಲೆಯ ಹಾಗೆ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಬಂದೆ.

ಮನೆಗೆ ಬಂದು ನೋಡಿದರೆ ರಿಮ್ಮಿಗೆ 36 ತೂತು, ನನ್ನ ಮುಂದಿನ ಹಬ್ಬಿಗೆ 32. ಇಂಗ್ಲಿಷರ ಕಾಲದ ಲೆಕ್ಕ ಅದು, ಹಳೆಯ ಸೈಕಲ್ಲುಗಳಲ್ಲಿ ಮುಂದಕ್ಕೆ 32 ಕಡ್ಡಿ, ಭಾರ ಹೊರುವ ಹಿಂದಿನದಕ್ಕೆ 40. ಈಗಿನವಕ್ಕೆ ಎರಡೂ ಕಡೆ 36. ತಿಪಟೂರಿನಲ್ಲಿ ನಾನು ಬೆಳೆದದ್ದೇ ಬಾಡಿಗೆ ಸೈಕಲ್ ಶಾಪಿನ ಮುಂದೆ. ಶಾಪಿನ ಸಾಬರು ರಜೆಯಲ್ಲಿ ನಮ್ಮಿಂದ ಕಡ್ಡಿ ಎಣಿಸಿ ಕಟ್ಟಿಸಿಡುತ್ತಿದ್ದರು. ಆದರೂ ಎಣಿಸಲಿಲ್ಲ. ಮರುವಾರ ಮತ್ತೆ ಹೋಗಿ 36 ತೂತಿನ ಹಬ್ಬು ತಂದೆ. ಕಡ್ಡಿಯೂ ಹೊಸದೇ ಬೇಕಾಯಿತು, ಯಾಕೆಂದರೆ ಅಲಾಯ್ ರಿಮ್ಮಿನ ಒಳಮೈ ಬೇರೆ ಆಳದಲ್ಲಿರುತ್ತದೆ, ಹಳೆಯ ಉದ್ದ ಹೊಂದುವುದಿಲ್ಲ. ಈ ಸಲ ರಿಮ್ಮು ಹಬ್ಬು ಎರಡನ್ನೂ ಅಂಗಡಿಯ ಗಲ್ಲೆಯ ಮೇಲಿಟ್ಟೇ ಕಡ್ಡಿ ಆರಿಸಿದೆ. ಕೆಲಸ ಕೈಗೆತ್ತಿಕೊಳ್ಳುವವರು ಒಂದೇ ಸಲಕ್ಕೆ ಹಾಗೆ ಮಾಡಿ, ಬಸ್ ಚಾರ್ಜು ಉಳಿಯುತ್ತದೆ.

ನಮ್ಮದು ಎರಡನೇ ಮಹಡಿ, ಎರಡು ರೂಮಿನ ಮನೆ. ಬಾಲ್ಕನಿಯಲ್ಲಿ ಪೇಪರು ಹರಡಿ ಕೂತೆ. 'ರೀ, ಇದೇನು ಮನೇನೋ ಗ್ಯಾರೇಜೋ?' ಎಂದು ಒಳಗಿಂದ ಪ್ರಶ್ನೆ ಬಂತು. ಉತ್ತರ ಕೊಡದಿರುವುದೇ ಒಳ್ಳೆಯದು. ಕಡ್ಡಿ ಹೆಣೆಯಲು ಪಕ್ಕದ ಮನೆಯ ಹುಡುಗನ 36 ಕಡ್ಡಿಯ ಸೈಕಲ್ಲನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿ ನೋಡಿ ಹಾಕಿದೆ. ಮೊದಲು ಒಂದು ಬದಿಯ ಒಂಬತ್ತು, ನಾಲ್ಕನೆಯ ತೂತಿಗೊಂದರಂತೆ. ಆಮೇಲೆ ಇನ್ನೊಂದು ಬದಿಯ ಒಂಬತ್ತು. ಉಳಿದ ಹದಿನೆಂಟನ್ನು ಎದುರು ದಿಕ್ಕಿಗೆ ಎಳೆದು, ಪ್ರತಿಯೊಂದನ್ನೂ ಮೂರು ಕಡ್ಡಿ ದಾಟಿಸಿ, ಮೂರನೆಯದರ ಅಡಿಯಿಂದ ತೂರಿಸಬೇಕು. ಬರೆದರೆ ಒಗಟಿನಂತೆ ಕಾಣುತ್ತದೆ, ಕೈಯಲ್ಲಿ ಮಾಡಿದರೆ ಹೂ ಕಟ್ಟಿದ ಹಾಗೆ. ಎರಡು ಸಲ ಬಿಚ್ಚಿದೆ. ಮೂರು ಸಂಜೆ ಹಿಡಿಯಿತು.

ಬೆಂಡು ತೆಗೆಯುವುದಕ್ಕೆ ಸ್ಟ್ಯಾಂಡೇನೂ ಬೇಡ. ಸೈಕಲ್ ತಲೆಕೆಳಗೆ ಮಾಡಿ ಚಕ್ರ ಹಾಕಿ ತಿರುಗಿಸಿ, ಬ್ರೇಕ್ ಶೂ ಎಲ್ಲಿ ಉಜ್ಜುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ರಿಮ್ಮು ಬಲಕ್ಕೆ ವಾಲಿದ್ದರೆ ಅಲ್ಲಿನ ಎಡಗಡೆಯ ಕಡ್ಡಿ ಬಿಗಿಮಾಡಿ, ಬಲಗಡೆಯದು ಅಷ್ಟೇ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಹೆಚ್ಚು ಬೇಡ. ನಿಪ್ಪಲ್ ತಿರುಗಿಸುವ ದಿಕ್ಕಿನಲ್ಲಿ ಎಲ್ಲರೂ ತಪ್ಪುತ್ತಾರೆ. ಟೈರಿನ ಕಡೆಯಿಂದ ಹಬ್ಬಿನತ್ತ ನೋಡಿದಾಗ ಗಡಿಯಾರದ ದಿಕ್ಕು ಬಿಗಿ ಎಂದು ನೆನಪಿಟ್ಟರೆ ಸಾಕು. ನಾನು ಮುಕ್ಕಾಲು ಪಾಲು ಸರಿ ಮಾಡಿ, ಕೊನೆಯ ಕಾಲು ಪಾಲಿಗೆ ಓಣಿಯ ಮಿಸ್ತ್ರಿಯ ಬಳಿ ಒಯ್ದೆ. ಆತ ಒಂದೊಂದೇ ಕಡ್ಡಿಯನ್ನು ಬೆರಳಲ್ಲಿ ಮೀಟಿ ಕಿವಿಗೊಟ್ಟು ಕೇಳಿದ. ಒಂದು ಬದಿಯ ಕಡ್ಡಿಗಳೆಲ್ಲ ಹತ್ತಿರ ಹತ್ತಿರ ಒಂದೇ ಸ್ವರ ಕೊಡಬೇಕಂತೆ. ತಿಪಟೂರಿನ ಸಾಬರೂ ಹೀಗೆಯೇ ಮೀಟುತ್ತಿದ್ದರು, ಆಟಕ್ಕೆ ಮಾಡುತ್ತಾರೆ ಎಂದುಕೊಂಡಿದ್ದೆ.

ಮನೆಯಲ್ಲೇ ಮಾಡುವ ಎಲ್ಲ ಕೆಲಸಗಳಲ್ಲಿ ಸಣ್ಣದೂ ಅಪಾಯದ್ದೂ ಬ್ರೇಕ್ ಶೂ ಬದಲಿಸುವುದು. ರಬ್ಬರು ಕೂರುವ ತಗಡಿನ ಗೂಡಿಗೆ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಮುಚ್ಚಿದ ತುದಿ ಮುಂದಕ್ಕೆ ಇರಲೇಬೇಕು. ತಿರುಗುಮುರುಗು ಹಾಕಿದರೆ ಚಕ್ರವೇ ರಬ್ಬರನ್ನು ಹೊರಗೆಳೆದುಬಿಡುತ್ತದೆ, ಅದೂ ನೀವು ಜೋರಾಗಿ ಬ್ರೇಕ್ ಹಿಡಿದಾಗ. ರಬ್ಬರಿನ ಮುಂದಿನ ಅಂಚು ಕೂದಲೆಳೆಯಷ್ಟು ಮೊದಲು ತಾಗುವಂತಿದ್ದರೆ ಕಿರುಚುವುದಿಲ್ಲ. ಟೈರಿಗೆ ತಾಗಬಾರದು, ತಾಗಿದರೆ ವಾರದಲ್ಲಿ ಟೈರು ಹರಿಯುತ್ತದೆ. ಸದ್ಯಕ್ಕೆ ಉಕ್ಕಿನ ರಿಮ್ಮೇ ಇರಲಿ ಎನ್ನುವವರು ಚರ್ಮ ಹಚ್ಚಿದ ಶೂ ಸಿಕ್ಕರೆ ಬಿಡಬೇಡಿ, ಒದ್ದೆಯಲ್ಲಿ ರಬ್ಬರಿಗಿಂತ ವಾಸಿ.

ಚೈನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿಯ ತೇವಕ್ಕೆ ಸಂಜೆ ಒರೆಸದ ಚೈನಿನ ಮೇಲೆ ಬೆಳಿಗ್ಗೆಗೆ ಕೆಂಪು ತುಕ್ಕು. ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಉಜ್ಜಿ, ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟು, ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಎಣ್ಣೆ ಒಳಗಿನ ಪಿನ್ನಿಗೆ ಬೇಕು, ಹೊರಗೆ ಉಳಿದದ್ದು ಧೂಳು ಹಿಡಿಯುತ್ತದೆ. ತೆಂಗಿನ ಸೀಮೆಯವನಾದ ನಾನೇ ಹೇಳುತ್ತೇನೆ, ಕೊಬ್ಬರಿ ಎಣ್ಣೆ ಹಾಕಬೇಡಿ, ತಲೆಗೆ ಸರಿ, ಚೈನಿಗೆ ಅಂಟು. ಸವೆತ ನೋಡಲು ಉಕ್ಕಿನ ಸ್ಕೇಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕನೆಯ ಕೊಂಡಿಯ ಆಚೆಯ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು. 12 ಇಂಚಿನ ಮೇಲೆ ಹದಿನಾರನೇ ಒಂದಂಶ ಹೆಚ್ಚಿದರೆ ಚೈನು ಬದಲಿಸಿ. ಎಂಟನೇ ಒಂದಂಶ ಆಗುವ ತನಕ ಕಾದರೆ ಫ್ರೀವೀಲಿನ ಹಲ್ಲನ್ನೂ ತಿಂದಿರುತ್ತದೆ. ಇನ್ನು ಎಡಗಡೆಯ ಪೆಡಲಿನ ಮರೆ ಉಲ್ಟಾ, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದನ್ನು ಮರೆತು ಪಾನದ ಮೇಲೆ ನಿಂತು ಕುಣಿದವರು ಬಹಳ ಜನ, ನಾನೂ ಒಬ್ಬ. ಫ್ರೀವೀಲಿನ ಒಳಗನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಸಾಸಿವೆಯಂಥ ಗುಂಡುಗಳು ಸೋಫಾದಡಿ ಸೇರಿದರೆ ದೀಪಾವಳಿಗೇ ಸಿಗುವುದು.

ಕೆಳಮನೆಯ ಮುದುಕರು ದಿನಾ ಮೇಲೆ ಬಂದು ಕುರ್ಚಿ ಎಳೆದು ಕೂತು ನೋಡುತ್ತಿದ್ದರು. ಮಗಳು ಅವರನ್ನು ದಾದು ಎನ್ನುತ್ತಾಳೆ. ಅವರ ಯೌವನದ ಸೈಕಲ್ ಸೆನ್-ರಾಲಿ, ಅಸನ್ಸೋಲಿನಲ್ಲಿ ತಯಾರಾದದ್ದು. ಸೇನ್ ಎಂಬ ಬಂಗಾಳಿಗಳು ಇಂಗ್ಲೆಂಡಿನ ರಾಲಿ ಕಂಪನಿ ಜೊತೆ ಸೇರಿ ನಡೆಸಿದ ಕಾರ್ಖಾನೆ, ಈಗಿಲ್ಲ. ಬಿಮಲ್ ಮುಖರ್ಜಿ 1926ರಲ್ಲಿ ಇದೇ ಕಲ್ಕತ್ತದಿಂದ ಸೈಕಲ್ ಹತ್ತಿ ಹೊರಟು, ಲೋಕ ಸುತ್ತಿ 1937ರಲ್ಲಿ ವಾಪಸಾದ ಕಥೆಯನ್ನೂ ಅವರೇ ಮಗಳಿಗೆ ಹೇಳಿದರು. ಅವಳು ಕೇಳಿದ್ದು ಒಂದೇ, 'ಮಳೇಲಿ ಅವರ ಬ್ರೇಕ್ ಹಿಡೀತಿತ್ತಾ?' ದಾದು ನನ್ನ ಮುಖ ನೋಡಿದರು.

ಹಾಗಾಗಿ ಹಳೆಯ ಚಕ್ರ ಬಿಚ್ಚುವ ಮೊದಲೇ ಅವಳ ಕಣ್ಣೆದುರಿಗೆ ಪರೀಕ್ಷೆ ಮಾಡಿದ್ದೆ. ಮಧ್ಯಾಹ್ನ ಖಾಲಿಯಿದ್ದ ಓಣಿಯಲ್ಲಿ ಸೀಮೆಸುಣ್ಣದ ಗೆರೆ, ಗೆರೆ ಮುಟ್ಟಿದ ಕೂಡಲೇ ಮುಂದಿನ ಬ್ರೇಕ್ ಮಾತ್ರ ಹಿಡಿಯುವುದು, ನಿಂತ ಜಾಗಕ್ಕೆ ಅವಳು ಹೆಜ್ಜೆ ಎಣಿಸುವುದು. ಒಣ ಉಕ್ಕಿನ ರಿಮ್ಮು, ನಾಲ್ಕು ಹೆಜ್ಜೆ. ಚೊಂಬಿನಲ್ಲಿ ನೀರು ಹೊಯ್ದ ಮೇಲೆ ಹನ್ನೊಂದು. ಹನ್ನೊಂದು ಎಂದು ಅವಳು ಬರೆದುಕೊಂಡಾಗ ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ಎರಡು ವರ್ಷ ಅವಳನ್ನು ಅದರ ಮೇಲೆ ಶಾಲೆಗೆ ಬಿಟ್ಟಿದ್ದೆ. ಹೊಸ ಚಕ್ರಕ್ಕೆ ಒಣಗಿದ್ದಾಗ ನಾಲ್ಕು, ಒದ್ದೆಯಲ್ಲಿ ಐದು. 'ನೀರು ಕಮ್ಮಿ ಹಾಕಿದ್ದೀಯ' ಎಂದಳು. ಬಕೆಟ್ ತರಿಸಿ ಅವಳ ಕೈಯಲ್ಲೇ ಹೊಯ್ಯಿಸಿದೆ. ಆರು.

ಹಿಂದಿನ ಚಕ್ರ ಕಟ್ಟುವಷ್ಟರಲ್ಲಿ ಸೆಪ್ಟೆಂಬರ್ ಬಂತು. ಒಟ್ಟು ಖರ್ಚು ಗೇರಿನ ಅಂದಾಜಿನ ಅರ್ಧದಷ್ಟೂ ಆಗಲಿಲ್ಲ. ಉಳಿದದ್ದರಲ್ಲಿ ಮೀನಿನಾಕೆಗೆ ಹೊಸ ಹಂಡೆ ಕೊಡಿಸಹೋದೆ, ನೆಗ್ಗಿದ್ದೇ ಸಾಕು ಎಂದಳು. ಮಗಳು ಮಹಾಲಯದ ಹಿಂದಿನ ದಿನ ತಾನಾಗಿ ಕ್ಯಾರಿಯರ್ ಹತ್ತಿದಳು. ಈಗಲೂ ಹತ್ತುವ ಮೊದಲು ಮುಂದೆ ಬಂದು ಎರಡೂ ಬ್ರೇಕ್ ಒತ್ತಿ ನೋಡುತ್ತಾಳೆ. ಮೊನ್ನೆ 'ಹಿಂದಿಂದು ಲೂಸಾಗಿದೆ' ಎಂದಳು. ಆಗಿತ್ತು. ಅಲ್ಲೇ ನಿಂತು ಎರಡು ಸುತ್ತು ಬಿಗಿ ಮಾಡಿದೆ, ಶಾಲೆಗೆ ಐದು ನಿಮಿಷ ತಡವಾಯಿತು.